ದೊರೆ ನಿಂತ ಜಾಗ

ನಕ್ಷೆಗಾರರ ಮನೆಗೆ ನಾಯಿ ಬಂದದ್ದು ಅವರನ್ನು ಕೇಳಿಕೊಂಡೇನಲ್ಲ. ಆ ಮನೆಗೆ ಯಾವುದು ತಾನೇ ಅವರನ್ನು ಕೇಳಿ ಬಂದಿತ್ತು? ಸೋಫಾ ಕೇಳಿ ಬಂದಿರಲಿಲ್ಲ, ಗೋಡೆಗೆ ಬಳಿದ ಪಾಚಿ ಬಣ್ಣ ಕೇಳಿ ಬಂದಿರಲಿಲ್ಲ, ವರ್ಷಕ್ಕೆರಡು ಸಲ ಬರುವ ಹೆಂಡತಿಯ ತಮ್ಮನೂ ಕೇಳಿ ಬಂದವನಲ್ಲ. ಈ ಸಲ ಆ ತಮ್ಮ ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದಾಗ ಅವನ ಪಕ್ಕದಲ್ಲಿ ಕರುವಿನಷ್ಟು ಎತ್ತರದ ಬೂದು ಬಣ್ಣದ ಪ್ರಾಣಿಯೊಂದು ನಿಂತಿತ್ತು.

"ಹದಿನೈದೇ ದಿನ ಭಾವ," ಎಂದ. ಅವನಿಗೆ ಹಡಗಿನಲ್ಲಿ ಇಂಜಿನ್ ನೋಡಿಕೊಳ್ಳುವ ಕೆಲಸ. ಹಡಗಿನವರ ಹದಿನೈದು ದಿನ ನೆಲದವರ ಲೆಕ್ಕದಲ್ಲಿ ಎಷ್ಟಾಗುತ್ತದೆಂಬುದು ಆಗ ನಕ್ಷೆಗಾರರಿಗೆ ತಿಳಿದಿರಲಿಲ್ಲ. (ಈಗ ಏಳನೇ ತಿಂಗಳು ನಡೆಯುತ್ತಿದೆ.)

"ಇದರ ಹೆಸರೇನು?" ಎಂದರು ನಕ್ಷೆಗಾರರು, ಬಾಗಿಲ ಹಿಂದಿನಿಂದಲೇ.

"ದೊರೆ."

ದೊರೆ ಒಳಗೆ ಬಂದಿತು. ಇದ್ದದ್ದು ಎರಡು ಕೋಣೆ, ನಾಲ್ಕನೇ ಮಹಡಿ, ಕಿಟಕಿ ತೆರೆದರೆ ಹಿಂದಿನ ಕಟ್ಟಡದ ಗೋಡೆ. ಎರಡನ್ನೂ ನಾಲ್ಕು ಹೆಜ್ಜೆಯಲ್ಲಿ ನೋಡಿ ಮುಗಿಸಿ, ಇಷ್ಟೇನಾ ಎಂಬಂತೆ ಒಂದು ನಿಟ್ಟುಸಿರು ಬಿಟ್ಟು, ನಕ್ಷೆಗಾರರು ದಿನಾ ಪೇಪರ್ ಓದುವ ಕುರ್ಚಿಯ ಮೇಲೆ ಮೊದಲು ಮುಂಗಾಲು, ಆಮೇಲೆ ಮಿಕ್ಕ ದೇಹವನ್ನು ಕಂತು ಕಂತಾಗಿ ಇಟ್ಟಿತು. ಬೊಗಳಲಿಲ್ಲ. ಬಾಲ ಅಲ್ಲಾಡಿಸಲಿಲ್ಲ. ಬೊಗಳಿ ಹೇಳಿಕೊಳ್ಳಬೇಕಾದ ಸ್ಥಿತಿ ತನ್ನದಲ್ಲ ಎಂಬ ಗತ್ತು ಅದರ ಮುಖದಲ್ಲೇ ಇತ್ತು.

"ಏನೇ, ನಾನೆಲ್ಲಿ ಕೂತ್ಕೊಳ್ಳಲಿ?"

"ಸ್ಟೂಲ್ ಇದೆಯಲ್ಲ," ಎಂದರು ಹೆಂಡತಿ. ಆಕೆ ದಂತವೈದ್ಯರೊಬ್ಬರ ಬಳಿ ರೋಗಿಗಳ ಸರದಿ ಬರೆಯುವ ಕೆಲಸದಲ್ಲಿದ್ದರು. ಹಲ್ಲು ನೋವಿನಿಂದ ಅರಚುವವರನ್ನು ದಿನವಿಡೀ ಬೆಂಚಿನ ಮೇಲೆ ಕೂರಿಸಿ ಅಭ್ಯಾಸವಾಗಿದ್ದ ಆಕೆಗೆ ಗಂಡನ ಅರಚಾಟ ಯಾವ ಲೆಕ್ಕ? "ಸಂಜೆ ನಾನು ಕೆರೆ ಕಡೆ ಸುತ್ತಾಡಿಸಿಕೊಂಡು ಬರ್ತೀನಿ. ಬೆಳಿಗ್ಗೆ ನಿಮ್ಮದು."

"ನನ್ನದಾ? ರಸ್ತೇಲಿ ನಾಯಿ ಹಿಡ್ಕೊಂಡು ನಾನಾ? ಇಪ್ಪತ್ತೆರಡು ವರ್ಷ ಸರ್ವೀಸ್ ಆಗಿರೋ ಮನುಷ್ಯ ನಾನು!"

"ಅದಕ್ಕೇನೂ ಅಭ್ಯಂತರ ಇದ್ದಂಗಿಲ್ಲ ರೀ," ಎಂದರು ಹೆಂಡತಿ, ದೊರೆಯ ಕಡೆ ನೋಡುತ್ತಾ.

ನಕ್ಷೆಗಾರರ ಸಂಕಟವನ್ನು ಸ್ವಲ್ಪ ವಿವರಿಸಬೇಕು. ಅವರು ನಗರದ ನೀರು ಸರಬರಾಜು ಕಚೇರಿಯಲ್ಲಿ ಪೈಪುಗಳ ನಕ್ಷೆ ಬರೆಯುವವರು. ಪೇಟೆಯ ನಟ್ಟನಡುವಿನ ಆ ಇಕ್ಕಟ್ಟು ಬೀದಿಯಲ್ಲಿ ಹನ್ನೊಂದು ವರ್ಷದಿಂದ ಇದ್ದರೂ ಅವರಿಗೆ ಅಲ್ಲಿ ಒಬ್ಬರ ಪರಿಚಯವೂ ಇರಲಿಲ್ಲ. ಅದು ಅವರ ಹೆಮ್ಮೆ. ಬೀದಿಯ ಕೆಳಗೆ ಏನಿದೆ ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತಿದ್ದರು: ಆರಿಂಚಿನ ಕೊಳವೆ ಎಲ್ಲಿ ನಾಲ್ಕಿಂಚಿಗೆ ಇಳಿಯುತ್ತದೆ, ವಾಲ್ವ್ ಎಲ್ಲಿದೆ, ಚರಂಡಿ ಎಷ್ಟು ಆಳ. ಬೀದಿಯ ಮೇಲೆ ಯಾರಿದ್ದಾರೆ ಎಂದು ಕೇಳಿದರೆ ಮಾತ್ರ ಬಾಯಿ ಬಂದ್. ನಡೆಯುವಾಗಲೂ ನೋಟ ನೆಲದ ಮೇಲೇ. ಎದುರು ಬಂದವರ ಚಪ್ಪಲಿ ನೋಡಿ ಪಕ್ಕಕ್ಕೆ ಸರಿಯುವುದು ಅವರ ರೂಢಿ.

ಇಂಥವರು ಸೋಮವಾರ ಬೆಳಿಗ್ಗೆ ದೊರೆಯ ಹಗ್ಗ ಹಿಡಿದು ಲಿಫ್ಟಿನ ಮುಂದೆ ನಿಂತರು. ಲಿಫ್ಟಿನಲ್ಲಿ 'ನಾಲ್ಕು ಜನಕ್ಕೆ ಮಾತ್ರ' ಎಂದು ಬರೆದಿತ್ತು. ದೊರೆ ಒಳಹೊಕ್ಕ ಮೇಲೆ ಅದು ಒಂದೂವರೆ ಜನದ ಲಿಫ್ಟಾಯಿತು. ನಕ್ಷೆಗಾರರು ಆ ಅರ್ಧ.

ಆ ಬೀದಿಯಲ್ಲಿ ಬೆಳಿಗ್ಗೆ ಏಳಕ್ಕೆ ನಡೆಯುವುದೆಂದರೆ ಒಂದು ಕಸರತ್ತು. ತರಕಾರಿ ಗಾಡಿಗಳು ಅಡ್ಡ, ಹಾಲಿನ ಕ್ರೇಟುಗಳು ಉದ್ದ, ನಡುವೆ ಸ್ಕೂಟರುಗಳು ಎಲ್ಲಿ ಸಂದಿ ಕಂಡರೆ ಅಲ್ಲಿ. ನಕ್ಷೆಗಾರರು ಹನ್ನೊಂದು ವರ್ಷ ದಿನಾ ಯಾರದ್ದಾದರೂ ಮೊಣಕೈ ತಿಂದೇ ಬಸ್ ನಿಲ್ದಾಣ ಸೇರಿದವರು. ಅವತ್ತು ದೊರೆ ಆ ಜಂಗುಳಿಯ ಮುಂದೆ ಒಂದು ಕ್ಷಣ ನಿಂತು, ತಲೆ ಎತ್ತಿ, ನಿಧಾನವಾಗಿ ಹೆಜ್ಜೆ ಇಟ್ಟಿತು. ತರಕಾರಿ ಗಾಡಿ ಹಿಂದಕ್ಕೆ ಹೋಯಿತು. ಕ್ರೇಟು ಹೊತ್ತವನು ಗೋಡೆಗೆ ಒರಗಿದ. ಸ್ಕೂಟರಿನವನು ಇಂಜಿನನ್ನೇ ಆರಿಸಿದ. ಬಾಚಣಿಗೆ ಎಳೆದ ಬೈತಲೆಯಂತೆ ಬೀದಿಯ ನಡುವೆ ದಾರಿ ಬಿದ್ದಿತು. ಆ ದಾರಿಯಲ್ಲಿ ದೊರೆ ನಡೆಯಿತು. ಅದರ ಹಿಂದೆ ಹಗ್ಗದ ಇನ್ನೊಂದು ತುದಿ ಹಿಡಿದು ನಕ್ಷೆಗಾರರೂ ನಡೆದರು, ಮೈಯೆಲ್ಲಾ ಜುಮ್ಮೆಂದು.

"ನಂಬ್ತೀಯೋ ಇಲ್ವೋ," ಎಂದರು ಮನೆಗೆ ಬಂದು. "ಒಬ್ಬರೂ ಮುಟ್ಟಲಿಲ್ಲ ಕಣೇ ನನ್ನ! ಅದಕ್ಕೆ ಏನೋ ಒಂದು ಶಕ್ತಿ ಇದೆ."

"ಶಕ್ತಿ ಅಲ್ಲ, ಹಲ್ಲು ಇದೆ," ಎಂದರು ಹಲ್ಲಿನ ಡಾಕ್ಟರ ಸಹಾಯಕಿ.

ಆದರೆ ನಕ್ಷೆಗಾರರ ಮನಸ್ಸಿನಲ್ಲಿ ಭಕ್ತಿ ಮೊಳೆತಾಗಿತ್ತು. ಬುಧವಾರದ ಹೊತ್ತಿಗೆ ಕುರ್ಚಿಯ ತಕರಾರು ನಿಂತಿತು. ಶುಕ್ರವಾರ ಸ್ಟೂಲಿನ ಮೇಲೆ ಕೂತು ಪೇಪರನ್ನು ದೊರೆಗೆ ಕೇಳಿಸುವಷ್ಟು ಗಟ್ಟಿಯಾಗಿ ಓದತೊಡಗಿದರು.

ಇದೇ ಹೊತ್ತಿಗೆ ಕಚೇರಿಯಲ್ಲಿ ಅವರಿಗೆ ಗ್ರಹಚಾರ ಶುರುವಾಗಿತ್ತು. ಅವರದೇ ಬೀದಿಯಲ್ಲಿ, ಮೇಲಿನ ತೊಟ್ಟಿಯಿಂದ ಹೊರಟ ನೀರು ಕೆಳತುದಿ ಸೇರುವಷ್ಟರಲ್ಲಿ ಕಾಲು ಭಾಗ ಮಾಯವಾಗುತ್ತಿತ್ತು. ಎಲ್ಲೋ ಸೋರಿಕೆ. ನೆಲದ ಮೇಲೆ ಒಂದು ತೊಟ್ಟೂ ಕಾಣದು. ಮೂರು ಕಡೆ ಅಗೆದು ನೋಡಿದ್ದಾಯಿತು, ಮೂರೂ ಕಡೆ ಒಣ ಮಣ್ಣು. ಮುಖ್ಯ ಇಂಜಿನಿಯರ್ ಸಾಹೇಬರು ನಕ್ಷೆಯ ಹಾಳೆಯನ್ನು ನಕ್ಷೆಗಾರರ ಓರೆ ಮೇಜಿನ ಮೇಲೆ ಹಾಸಿ, ಪೆನ್ಸಿಲಿನಿಂದ ಕುಕ್ಕುತ್ತಾ ಹೇಳಿದರು:

"ನೋಡ್ರೀ, ನೀರು ಸುಳ್ಳು ಹೇಳಲ್ಲ. ಹಾಗಾದ್ರೆ ಸುಳ್ಳು ಹೇಳ್ತಿರೋದು ನಿಮ್ಮ ನಕ್ಷೆ. ತಿಂಗಳ ಕೊನೆ ಒಳಗೆ ಸೋರಿಕೆ ಸಿಗಬೇಕು. ಇಲ್ದಿದ್ರೆ ನಿಮ್ಮನ್ನ ಹಳೇ ಕಡತಗಳ ಕೋಣೆಗೆ ಹಾಕ್ತೀನಿ. ಅಲ್ಲಿ ಬರೆಯೋದೇನೂ ಇರಲ್ಲ, ಧೂಳು ಒರೆಸಿದ್ರೆ ಸಾಕು."

ನಕ್ಷೆಗಾರರ ಕೈಯಲ್ಲಿದ್ದ ಮಸಿಯ ಪೆನ್ನು ಜಾರಿ ಒಂದು ಕೊಳವೆಗೆ ಇಲ್ಲದ ತಿರುವು ಬಂತು. ಇಪ್ಪತ್ತೆರಡು ವರ್ಷ ಒಂದು ಕೂದಲೆಳೆಯಷ್ಟು ತಪ್ಪು ಬರೆಯದವರೆಂಬ ಹೆಸರು ಅವರದು. ಬೇರೆ ಆಸ್ತಿ ಇರಲಿಲ್ಲ.

ಮಾರನೆಯ ಬೆಳಿಗ್ಗೆ, ಆ ಚಿಂತೆಯಲ್ಲೇ ಹಗ್ಗ ಹಿಡಿದು ಹೊರಟಾಗ, ಅವರಿಗೊಂದು ಸಂಗತಿ ಹೊಳೆಯಿತು. ಬೀದಿಯಲ್ಲಿ ಎಲ್ಲೂ ನಿಲ್ಲದ ದೊರೆ, ಲಾಂಡ್ರಿ ಅಂಗಡಿಯ ಮುಂದಿನ ಕಾಲುದಾರಿಯಲ್ಲಿ, ಒಡೆದ ಕಲ್ಲುಚಪ್ಪಡಿಯ ಮೇಲೆ ಮಾತ್ರ ದಿನಾ ನಿಲ್ಲುತ್ತದೆ. ಬೇರೆ ನಾಯಿಗಳಂತೆ ಕಾಲೆತ್ತಲು ಅಲ್ಲ. ಸುಮ್ಮನೆ ನಿಲ್ಲುತ್ತದೆ. ಮುಖವೆತ್ತಿ ಆಕಾಶ ನೋಡುತ್ತದೆ. ಇವರು ಮುಂದಕ್ಕೆ ತಿರುಗಿ ಎಷ್ಟೆಳೆದರೂ ಜಗ್ಗುವುದಿಲ್ಲ. ಒಂದೆರಡು ನಿಮಿಷವಾದ ಮೇಲೆ ತಾನಾಗಿಯೇ ಹೊರಡುತ್ತದೆ, ಮೂತಿ ನೆಕ್ಕಿಕೊಳ್ಳುತ್ತಾ.

ಮೂತಿ ಯಾಕೆ ನೆಕ್ಕಿಕೊಳ್ಳಬೇಕು?

ತೇವ! ನೆಲದಡಿಯಿಂದ ಏಳುವ ತೇವ ಅದರ ಮೂತಿಗೆ ತಗಲುತ್ತಿರಬೇಕು!

ನಕ್ಷೆಗಾರರು ನಡುಬೀದಿಯಲ್ಲಿ ನಿಂತಲ್ಲೇ ನಿಂತರು. ಇಲಾಖೆಯವರು ಕಿವಿಗೆ ಸಿಕ್ಕಿಸಿಕೊಂಡು ನೀರಿನ ಸದ್ದು ಹುಡುಕುವ ಯಂತ್ರ ಯಾವ ಮೂಲೆಗೆ ಸಾಟಿ ಈ ಮೂಗಿಗೆ? ಮೂರು ಕಡೆ ಅಗೆದು ಸೋತ ವಿದ್ವಾಂಸರೆಲ್ಲಿ, ನಾಲ್ಕು ಕಾಲಿನ ಮೇಲೆ ನಿಂತು ನೆಲದಾಳ ಓದುವ ಈ ಮಹಾನುಭಾವ ಎಲ್ಲಿ?

ಅಂದಿನಿಂದ ಹನ್ನೆರಡು ದಿನ ಅವರು ವೀಕ್ಷಣೆ ನಡೆಸಿದರು. ದೊರೆ ನಿಂತ ಕೂಡಲೇ ಅದಕ್ಕೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತು, ಚಪ್ಪಡಿಯ ಬಿರುಕಿನಲ್ಲಿ ಬೆರಳಾಡಿಸಿ, ಕಿವಿಯಿಟ್ಟು, ಟೇಪಿನಿಂದ ಗೋಡೆಗಿರುವ ದೂರ ಅಳೆದು, ಚಿಕ್ಕ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವರು. 'ಬೆಳಿಗ್ಗೆ 7.10. ನಿಂತಿದೆ. ದೃಷ್ಟಿ ಮೇಲಕ್ಕೆ. ಏಕಾಗ್ರತೆ ಅದ್ಭುತ.' ಒಂದೊಂದು ದಿನ ಹಿಂದಿನಿಂದ ಕಟಕಟ ಎಂಬ ಸದ್ದು ಕೇಳುತ್ತಿತ್ತು. ಲಾಂಡ್ರಿಯವನು ಷಟರ್ ಎತ್ತುವ ಹೊತ್ತದು. ಷಟರಿನ ಸದ್ದೇ ಇರಬೇಕೆಂದು ಅವರು ತಿರುಗಿ ನೋಡಲಿಲ್ಲ. ಇಂಥ ಸಾಧನೆ ನಡೆಯುವಾಗ ತಿರುಗಿ ನೋಡಿ ಭಂಗ ತರುವುದೂ ಸರಿಯಲ್ಲ ಎನಿಸಿತ್ತು.

"ದಿನಾ ಅಲ್ಲಿ ಕೂತು ಏನ್ರೀ ಮಾಡ್ತೀರಾ?" ಎಂದರು ಹೆಂಡತಿ. "ಲಾಂಡ್ರಿಯವರು ಕೇಳಿದ್ರು, ನಿಮ್ಮನೆಯವರಿಗೆ ಸೊಂಟ ಹಿಡ್ಕೊಳ್ಳೋ ಕಾಯಿಲೆ ಇದೆಯಾ ಅಂತ."

"ನಗು, ನಗು. ದೊಡ್ಡವರ ಹತ್ತಿರ ಇದ್ದುಕೊಂಡೇ ಜನ ಅವರನ್ನ ಗುರುತಿಸಲ್ಲ."

"ನಿಮ್ಮನ್ನಾ?"

"ದೊರೆಯನ್ನ!"

ಹದಿಮೂರನೆಯ ದಿನ ಅವರು ಒಂದು ವರದಿ ಬರೆದು ಸಾಹೇಬರ ಮುಂದಿಟ್ಟರು. 'ಸತತ ಕ್ಷೇತ್ರ ವೀಕ್ಷಣೆಯಿಂದಲೂ, ಈ ವಿಷಯದಲ್ಲಿ ಅಸಾಧಾರಣ ಪ್ರತಿಭೆಯುಳ್ಳ ತಜ್ಞರೊಬ್ಬರ ಮಾರ್ಗದರ್ಶನದಿಂದಲೂ, ಲಾಂಡ್ರಿಯ ಮುಂಭಾಗದಲ್ಲಿ, ಗೋಡೆಯಿಂದ ನಾಲ್ಕೂಕಾಲು ಅಡಿ ದೂರದಲ್ಲಿ ಸೋರಿಕೆ ಇರುವುದು ನಿಸ್ಸಂಶಯವಾಗಿ ಸಿದ್ಧಪಟ್ಟಿದೆ.'

"ತಜ್ಞರು ಅಂದ್ರೆ ಯಾರ್ರೀ?" ಎಂದರು ಸಾಹೇಬರು.

"ಹೊರಗಿನವರು ಸಾರ್. ಹೆಚ್ಚು ಮಾತಾಡಲ್ಲ."

"ಮಾತು ಕಡಿಮೆ ಇದ್ರೆ ಒಳ್ಳೇ ತಜ್ಞರೇ ಇರ್ಬೇಕು," ಎಂದು ಸಾಹೇಬರು ಸಹಿ ಹಾಕಿಯೇ ಬಿಟ್ಟರು.

ಶನಿವಾರ ಬೆಳಿಗ್ಗೆ ಆರಕ್ಕೆ ಗುದ್ದಲಿ, ಪಿಕಾಸಿ, ನಾಲ್ವರು ಕೆಲಸದವರು ಬಂದರು. ಅರ್ಧ ಬೀದಿಗೆ ಹಗ್ಗ ಕಟ್ಟಿದರು. ತರಕಾರಿಯವರು, ಹಾಲಿನವರು, ಸಲೂನಿನವನು, ಬಸ್ಸಿಗೆ ಹೊರಟಿದ್ದವರು ಎಲ್ಲರೂ ಬಂದು ನಿಂತರು. (ಅಗೆಯುವುದನ್ನು ನೋಡುವ ಸುಖಕ್ಕೆ ಯಾವ ಬಸ್ಸು ತಪ್ಪಿದರೇನು?) ನಕ್ಷೆಗಾರರು ಇಸ್ತ್ರಿ ಮಾಡಿದ ಶರ್ಟು ತೊಟ್ಟು ನಿಂತಿದ್ದರು. ಏಳು ಗಂಟೆಗೆ ಗುಂಡಿ ಸೊಂಟದಷ್ಟಾಯಿತು. ಕೊಳವೆ ಕಂಡಿತು. ಕೊಳವೆ ಎಂದರೆ ಎಂಥ ಕೊಳವೆ! ಮೊನ್ನೆ ಹೂತಿಟ್ಟಂತೆ ಗಟ್ಟಿಮುಟ್ಟಾಗಿ, ಒಣಗಿ, ಮೇಲೆ ಧೂಳು ಹೊದ್ದು ಮಲಗಿತ್ತು.

ಕೆಲಸದವನೊಬ್ಬ ಒಂದು ಹಿಡಿ ಮಣ್ಣು ತೆಗೆದು ಊದಿದ. ಅದು ಹಾರಿ ಸಾಹೇಬರ ಕನ್ನಡಕದ ಮೇಲೆ ಕೂತಿತು.

ಸಾಹೇಬರು ಕನ್ನಡಕ ತೆಗೆದು ಒರೆಸುತ್ತಾ ಬಹಳ ಮೆತ್ತಗೆ ಕೇಳಿದರು. "ಎಲ್ರೀ ನಿಮ್ಮ ತಜ್ಞರು?"

ಅಷ್ಟರಲ್ಲಿ ಗುಂಪು ತಾನಾಗಿ ಸೀಳಿಕೊಂಡು ದಾರಿ ಬಿಟ್ಟಿತು. ಹೆಂಡತಿ ದೊರೆಯನ್ನು ಕರೆದುಕೊಂಡು ಬರುತ್ತಿದ್ದರು.

"ಇವರೇ ಸಾರ್," ಎಂದರು ನಕ್ಷೆಗಾರರು.

ಸಾಹೇಬರು ಹೆಂಡತಿಯ ಕಡೆ ನೋಡಿ ಕೈ ಮುಗಿದರು. "ನಮಸ್ಕಾರ ಮೇಡಂ."

"ಅವಳಲ್ಲ ಸಾರ್."

ಸಾಹೇಬರ ದೃಷ್ಟಿ ಹಗ್ಗದ ಗುಂಟ ನಿಧಾನವಾಗಿ ಕೆಳಗಿಳಿಯಿತು. ಇನ್ನೊಂದು ತುದಿಯಲ್ಲಿ ದೊರೆ, ಗುಂಡಿಯ ಅಂಚಿಗೆ ಬಂದು, ತನ್ನ ಚಪ್ಪಡಿ ಎಲ್ಲಿ ಹೋಯಿತೆಂದು ಒಮ್ಮೆ ನೋಡಿ, ಇದ್ದುದರಲ್ಲೇ ಸರಿಯಾದ ಜಾಗದಲ್ಲಿ ನಿಂತು, ಎಂದಿನಂತೆ ಮುಖವೆತ್ತಿತು. ಗಂಟೆ ಏಳೂ ಹತ್ತು.

ಆಗ ಆಕಾಶದಿಂದ ಒಂದು ಬುಟ್ಟಿ ಇಳಿಯಿತು.

ಪುಟ್ಟ ಬೆತ್ತದ ಬುಟ್ಟಿ. ನೀಲಿ ನೂಲಿನ ಹಗ್ಗ. ಗಾಳಿಗೆ ಅತ್ತಿತ್ತ ತೂಗುತ್ತಾ, ಲಾಂಡ್ರಿಯ ಬೋರ್ಡು ದಾಟಿ, ಸಾಹೇಬರ ಮೂಗಿನ ಮುಂದಿನಿಂದ ಹಾದು, ಕರಾರುವಾಕ್ಕಾಗಿ ದೊರೆಯ ಬಾಯಿಯ ಎತ್ತರಕ್ಕೆ ಬಂದು ನಿಂತಿತು. ಅದರಲ್ಲಿ ಒಂದು ಬಿಸ್ಕತ್ತು. ದೊರೆ ಅದನ್ನು ಮೆಲ್ಲಗೆ ತೆಗೆದುಕೊಂಡು ಕಟಕಟ ಕಡಿದು, ಮೂತಿ ನೆಕ್ಕಿಕೊಂಡಿತು.

ಇಡೀ ಬೀದಿ ಕತ್ತೆತ್ತಿತು. ಲಾಂಡ್ರಿಗೆ ಅಂಟಿಕೊಂಡ ಕಟ್ಟಡದ ಮೂರನೇ ಮಹಡಿಯಲ್ಲಿ, ಮೂಲೆಗೆ ಚಾಚಿಕೊಂಡ ಕಿಟಕಿಯಲ್ಲಿ ಬೆಳ್ಳಿ ಕೂದಲಿನ ಒಬ್ಬ ಅಜ್ಜಿ.

"ಇದೇನು ದೊರೆ, ಇವತ್ತು ಇಷ್ಟು ಜನಾನ ಕರ್ಕೊಂಡು ಬಂದಿದ್ದೀಯ?" ಎಂದು ಕೂಗಿದಳು ಅಜ್ಜಿ. "ನನ್ನ ಹತ್ರ ಬಿಸ್ಕತ್ತು ಅಷ್ಟೊಂದಿಲ್ಲಪ್ಪ!" ಆಮೇಲೆ ಗುಂಡಿಯನ್ನು ನೋಡಿ, "ಪಾಪ, ಆ ಮನುಷ್ಯ ದಿನಾ ಅಲ್ಲಿ ಕೂತು ಏನೋ ಹುಡುಕ್ತಿದ್ದ. ಎಲ್ರೂ ಸೇರಿ ಹುಡುಕೋಕೆ ಬಂದ್ರಾ? ಒಳ್ಳೇದಾಯ್ತು. ಸಿಕ್ತಾ?"

ಬೀದಿ ನಕ್ಕಿತು. ಎಂಥ ನಗು! ತಕ್ಕಡಿ ಕೆಳಗಿಟ್ಟು ತರಕಾರಿಯವರು ನಕ್ಕರು, ಗುಂಡಿಯಲ್ಲಿದ್ದವರು ಗುಂಡಿಯಲ್ಲೇ ಕೂತು ನಕ್ಕರು. ಹೆಂಡತಿ ದೊರೆಯ ಕುತ್ತಿಗೆಯಲ್ಲಿ ಮುಖ ಹುದುಗಿಸಿಕೊಂಡರು, ಭುಜ ಕುಲುಕುತ್ತಿತ್ತು. ಸಾಹೇಬರೊಬ್ಬರೇ ನಗಲಿಲ್ಲ.

"ಹಳೇ ಕಡತದ ಕೋಣೆ," ಎಂದಷ್ಟೇ ಹೇಳಿದರು.

"ಏನಜ್ಜಿ ಹುಡುಕೋದು, ನೀರು!" ಎಂದು ಲಾಂಡ್ರಿಯವನು ಮೇಲಕ್ಕೆ ಕೂಗಿದ. "ನೀರು ಎಲ್ಲೋ ಸೋರ್ತಿದೆಯಂತೆ, ಸಿಗ್ತಿಲ್ಲ!"

"ನೀರಾ?" ಎಂದಳು ಅಜ್ಜಿ. "ಅದನ್ನ ಅಲ್ಯಾಕೆ ಹುಡುಕ್ತೀರಾ? ನಿನ್ನ ಅಂಗಡಿ ಹಿಂದಿನ ಗೋಡೆ ಸಂದೀಲಿ ಇದೆಯಲ್ಲ. ದಿನಾ ಬೆಳಿಗ್ಗೆ ಐವತ್ತು ಪಾರಿವಾಳ ಅಲ್ಲೇ ಸ್ನಾನ ಮಾಡ್ತವೆ. ಮೂರು ತಿಂಗಳಿಂದ ನೋಡ್ತಿದ್ದೀನಿ."

ನಗು ಗಕ್ಕನೆ ನಿಂತಿತು. ಲಾಂಡ್ರಿಗೂ ಅದರ ಹಿಂದಿನ ಕಟ್ಟಡಕ್ಕೂ ನಡುವೆ ಮೊಣಕೈ ಅಗಲದ ಒಂದು ಸಂದಿ. ಬೀದಿಯಿಂದ ಕಾಣದು, ಅತ್ತ ಬಾಗಿಲೂ ಇಲ್ಲ. ಕೆಲಸದವರಲ್ಲಿ ತೆಳ್ಳಗಿದ್ದವನನ್ನು ತಗಡಿನ ಮಾಡು ಹತ್ತಿಸಿ ಆಚೆ ಇಳಿಸಿದರು. ಪಟಪಟನೆ ಪಾರಿವಾಳಗಳು ಮೇಲೆದ್ದವು. "ಸಾರ್, ಕೆರೆ ಇದೆ ಸಾರ್ ಇಲ್ಲಿ!" ಎಂಬ ಕೂಗು ಬಂತು. ಹಳೆಯ ಕವಲು ಕೊಳವೆಯೊಂದು ಬಾಯಿ ಬಿಟ್ಟು, ನೀರು ಅಲ್ಲಿಂದ ನೇರ ಚರಂಡಿಗೆ ಹರಿಯುತ್ತಿತ್ತು.

ಸಾಹೇಬರು ನಕ್ಷೆ ಬಿಡಿಸಿ ನೋಡಿದರು. "ನಿಮ್ಮ ನಕ್ಷೆಯಲ್ಲಿ ಈ ಸಂದೀನೇ ಇಲ್ವಲ್ರೀ! ಎರಡು ಕಟ್ಟಡಾನ ಅಂಟಿಸಿಬಿಟ್ಟಿದ್ದೀರಾ." ಆಮೇಲೆ ನೀರಿನ ಸದ್ದು ಕಿವಿಗೆ ಬೀಳುತ್ತಲೇ ಮುಖ ಸಡಿಲಿತು. "ಇರ್ಲಿ, ಸಿಕ್ತಲ್ಲ. ಹೋಗಿ ಆ ಅಜ್ಜಿಗೆ ಇಲಾಖೆ ಪರವಾಗಿ ಒಂದು ಥ್ಯಾಂಕ್ಸ್ ಹೇಳಿ ಬನ್ನಿ. ಹಾಗೇ ಆ ಕಿಟಕಿಯಿಂದ ನೋಡಿ ನಕ್ಷೆ ಸರಿ ಮಾಡಿ. ಕಡತದ ಕೋಣೆ ವಿಷಯ ಆಮೇಲೆ ನೋಡೋಣ."

ನಕ್ಷೆಗಾರರು ಮೂರು ಮಹಡಿ ಹತ್ತಿದರು. ಜೊತೆಗೆ ದೊರೆ. ಬಾಗಿಲು ತೆರೆದೇ ಇತ್ತು. ಒಳಗೆ ಗೋಡೆಯುದ್ದಕ್ಕೂ ಮರದ ತಲೆಗಳು, ಅವುಗಳ ಮೇಲೆ ರಾಜರ, ರಾಣಿಯರ, ಮುದುಕರ, ರಾಕ್ಷಸರ ವಿಗ್ಗುಗಳು. ಅಜ್ಜಿ ನಲವತ್ತು ವರ್ಷ ನಾಟಕದವರಿಗೆ ವಿಗ್ ಕಟ್ಟಿಕೊಟ್ಟವಳು. ಮಂಡಿ ಕೈಕೊಟ್ಟ ಮೇಲೆ ಎರಡು ವರ್ಷದಿಂದ ಮೆಟ್ಟಿಲಿಳಿದಿಲ್ಲ. ದೊರೆ ನೇರವಾಗಿ ಹೋಗಿ ಅವಳ ಮಡಿಲಲ್ಲಿ ತಲೆಯಿಟ್ಟಿತು. ಇಷ್ಟು ದಿನದಲ್ಲಿ ನಕ್ಷೆಗಾರರು ಮೊದಲ ಸಲ ಅದರ ಬಾಲ ಅಲ್ಲಾಡಿದ್ದನ್ನು ನೋಡಿದರು.

"ಇದು ಮೊದಲನೇ ದಿನವೇ ನನ್ನ ನೋಡ್ತು," ಎಂದಳು ಅಜ್ಜಿ ಅದರ ಕಿವಿ ಸವರುತ್ತಾ. "ಬೀದೀಲಿ ಇಷ್ಟು ಜನ ಓಡಾಡ್ತಾರೆ, ಒಬ್ರಾದ್ರೂ ತಲೆ ಎತ್ತಿ ನೋಡ್ಬೇಕಲ್ಲ? ಇದೊಂದೇ ನೋಡಿದ್ದು. ಅದಕ್ಕೇ ಬಿಸ್ಕತ್ತು."

ನಕ್ಷೆಗಾರರು ಕಿಟಕಿಗೆ ಹೋಗಿ ನಿಂತರು. ಕೆಳಗೆ ಅವರ ಬೀದಿ. ತಗಡಿನ ಮಾಡಿನ ಮೇಲೆ ಬಿಸಿಲು ಕಾಯುವ ಬೆಕ್ಕು, ತಾರಸಿಗಳ ಮೇಲೆ ಒಣಗುವ ಅಂಗಿಗಳು, ಸಂದಿಯಲ್ಲಿ ಹೊಳೆಯುವ ನೀರು, ಅದಕ್ಕೆ ಮತ್ತೆ ಇಳಿಯುತ್ತಿದ್ದ ಪಾರಿವಾಳಗಳು. ಎದುರಿನ ಕಟ್ಟಡದ ಒಂದೊಂದು ಕಿಟಕಿಯಲ್ಲೂ ಒಂದೊಂದು ಸಂಸಾರ: ಯಾರೋ ಹಲ್ಲುಜ್ಜುತ್ತಿದ್ದರು, ಯಾರೋ ಮಗುವಿಗೆ ಜಡೆ ಹಾಕುತ್ತಿದ್ದರು, ಯಾರೋ ದೊರೆ ಎಲ್ಲಿ ಎಂದು ಬಗ್ಗಿ ನೋಡುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅವರು ಬೀದಿಗಳನ್ನು ಮೇಲಿನಿಂದ ಕಂಡಂತೆಯೇ ಬರೆಯುತ್ತಾ ಬಂದಿದ್ದರು. ಮೇಲಿನಿಂದ ನೋಡಿದ್ದು ಇವತ್ತೇ. ಕನ್ನಡಕ ತೆಗೆದು ಒರೆಸಿಕೊಂಡರು.

"ಅಂದ ಹಾಗೆ, ನೀವು ಯಾರಪ್ಪ?" ಎಂದಳು ಅಜ್ಜಿ.

"ನಾನಾ? ನಾನೇ ಅಲ್ವೇ ಅಜ್ಜಿ! ದಿನಾ ಇದನ್ನ ಕರ್ಕೊಂಡು ಬರೋನು."

ಅಜ್ಜಿ ಅವರ ಮುಖವನ್ನು ಎಡದಿಂದ ನೋಡಿದಳು, ಬಲದಿಂದ ನೋಡಿದಳು. ತಲೆಯಾಡಿಸಿದಳು. "ಗುರುತು ಹತ್ತಲಿಲ್ಲಪ್ಪ. ಸ್ವಲ್ಪ ತಲೆ ಬಗ್ಗಿಸಿ."

ನಕ್ಷೆಗಾರರು ತಲೆ ಬಗ್ಗಿಸಿದರು.

"ಹಾಂ! ನೀವಾ! ಈಗ ಗೊತ್ತಾಯ್ತು ನೋಡಿ!" ಅಜ್ಜಿ ಚಪ್ಪಾಳೆ ತಟ್ಟಿದಳು. "ಮುಖ ಮರೀತೀನಿ, ನೆತ್ತಿ ಮರೆಯೋಳಲ್ಲ. ಎಂಥ ದುಂಡಗಿನ ಬೋಳು! ಕೈವಾರ ಇಟ್ಟು ಎಳೆದ ಹಾಗಿದೆ. ಎದುರು ಮನೆಯವರೆಲ್ಲ ನಿಮ್ಮನ್ನ ಹುಣ್ಣಿಮೆ ಅಂತಾನೇ ಕರೆಯೋದು."

"ಬೋಳಾ?" ಎಂದರು ನಕ್ಷೆಗಾರರು. ಕೈ ತಾನಾಗಿ ನೆತ್ತಿಗೆ ಹೋಯಿತು. ಮುಂದೆ ಬಾಚಿದ ಕೂದಲು ಸೊಂಪಾಗಿತ್ತು. ಹಿಂದೆ, ಬಹಳ ಹಿಂದೆ, ಬೆರಳಿಗೆ ನುಣ್ಣಗೆ ಏನೋ ಸಿಕ್ಕಿತು. ಅದರ ಗಡಿಯನ್ನು ಬೆರಳಿನಿಂದ ಸುತ್ತು ಹಾಕಿ ಬಂದರು. ಸಣ್ಣ ಪ್ರದೇಶವೇನಲ್ಲ.

ಮನೆಗೆ ಹೋದವರೇ ಹೆಂಡತಿಯ ಮುಂದೆ ತಲೆ ಬಗ್ಗಿಸಿ ನಿಂತರು. "ಇದು ಯಾವಾಗಿಂದ?"

"ಆರು ವರ್ಷ ಆಗಿರ್ಬೇಕು," ಎಂದರು ಹೆಂಡತಿ. "ಯಾಕ್ರೀ, ನಿಮಗೆ ಗೊತ್ತಿರ್ಲಿಲ್ವಾ?"

ಸಲೂನಿನವನು ಇಷ್ಟು ವರ್ಷ ಹಿಂದಿನಿಂದ ಕನ್ನಡಿ ಹಿಡಿಯದೆ ಬರೀ ಟವಲು ಕೊಡವುತ್ತಿದ್ದುದರ ಅರ್ಥ ನಕ್ಷೆಗಾರರಿಗೆ ಆಗ ಹೊಳೆಯಿತು.

ಅದೇ ಸಂಜೆ ಅವರು ಒಂದು ಒಳ್ಳೆಯ ಕಂದು ಬಣ್ಣದ ಟೋಪಿ ತಂದರು. ಸೋಮವಾರ ಬೆಳಿಗ್ಗೆ ಅದನ್ನು ಕಿವಿಯವರೆಗೆ ಎಳೆದುಕೊಂಡು ದೊರೆಯ ಜೊತೆ ಹೊರಟರು. ಬೀದಿ ಎಂದಿನಂತೆ ದಾರಿ ಬಿಟ್ಟಿತು. ಲಾಂಡ್ರಿಯ ಮುಂದೆ ಹೊಸ ಚಪ್ಪಡಿಯ ಮೇಲೆ ದೊರೆ ನಿಂತಿತು, ಮುಖವೆತ್ತಿತು. ನಕ್ಷೆಗಾರರೂ ಈ ಸಲ ಮುಖವೆತ್ತಿದರು.

ಏಳೂ ಹತ್ತಾಯಿತು, ಹನ್ನೆರಡಾಯಿತು, ಕಾಲಾಯಿತು. ಕಿಟಕಿಯಲ್ಲಿ ಅಜ್ಜಿ ಬುಟ್ಟಿ ಹಿಡಿದು ಕೂತೇ ಇದ್ದಾಳೆ. ಬೀದಿಯ ತಿರುವಿನ ಕಡೆಗೇ ನೋಡುತ್ತಿದ್ದಾಳೆ.

"ಅಜ್ಜೀ! ಇಲ್ಲೇ ಇದ್ದೀವಿ!" ಎಂದು ಕೂಗಿದರು ನಕ್ಷೆಗಾರರು.

ಅಜ್ಜಿ ಕಣ್ಣು ಕಿರಿದು ಮಾಡಿ ಕೆಳಗೆ ನೋಡಿದಳು. "ಯಾರಪ್ಪ ನೀನು, ದೊರೆಯನ್ನ ಹಿಡ್ಕೊಂಡಿರೋದು? ಇವತ್ತು ಹುಣ್ಣಿಮೆ ಬರ್ಲಿಲ್ವಾ? ದಿನಾ ಅದು ತಿರುವಲ್ಲಿ ಹೊಳೆದ ಕೂಡಲೇ ಬುಟ್ಟಿ ಇಳಿಸೋದು ನಾನು."

ಎದುರಿನ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ದೊರೆ ಬುಟ್ಟಿಯನ್ನು ನೋಡಿತು. ಟೋಪಿಯನ್ನು ನೋಡಿತು. ಆಮೇಲೆ ನ್ಯಾಯಾಧೀಶರ ಗಾಂಭೀರ್ಯದಿಂದ ನಕ್ಷೆಗಾರರ ಮುಖವನ್ನೇ ನೋಡುತ್ತಾ, ಎಳೆದರೂ ಅಲುಗದೆ ನಿಂತಿತು.

ನಕ್ಷೆಗಾರರು ಸುತ್ತ ಒಮ್ಮೆ ನೋಡಿ, ಟೋಪಿ ತೆಗೆದು, ಇಡೀ ಬೀದಿಗೆ ಕಾಣುವಂತೆ ವಿನಯದಿಂದ ತಲೆ ಬಾಗಿಸಿದರು.

ಬುಟ್ಟಿ ಇಳಿಯಿತು.